ಮೂವತ್ತೇಳನೆಯ ಚೀಟಿ

“ಗಂಡನ ಹೆಸರು ಅಂತ ಇಲ್ಲಿ ಬರೆದಿದೀಯಲ್ಲ ನಯಾಜ್, ಇದನ್ನ ಅವಳೇ ಬಾಯಿಬಿಟ್ಟು ಹೇಳಿದ್ಳಾ?”

ಅಖ್ತರ್ ಬಾನು ಕೇಳಿದ್ದು ಇಷ್ಟೇ. ಅವಳು ಫಾರಮ್ಮುಗಳನ್ನು ಒಂದೊಂದಾಗಿ ಓದಿ ಹೇಳುವುದು, ತಮ್ಮ ನಯಾಜ್ ಅಹಮದ್ ದೊಡ್ಡ ಹಾಳೆಯ ಮೇಲೆ ಗೀಟು ಎಳೆಯುತ್ತ ಹೋಗುವುದು, ನಾಲ್ಕು ಗೀಟಿಗೆ ಒಂದು ಅಡ್ಡಗೀಟು. ಭಾನುವಾರ ಬೆಳಿಗ್ಗೆ, ಎರಡು ತಾಸಿನಿಂದ ಈ ಕೆಲಸ ಸರಾಗವಾಗಿ ಸಾಗಿತ್ತು. ಹೊರಗೆ ಅಂಗಳದಲ್ಲಿ ಅವರ ತಂದೆ ದಸ್ತಗೀರ್ ಸಾಬರು ಯಾರದೋ ಹಿತ್ತಾಳೆ ಕೊಳದಪ್ಪಲೆಗೆ ಕಲಾಯಿ ಹಾಕುತ್ತಿದ್ದರು. ನವಸಾಗರದ ಹೊಗೆ ಒಳಗೂ ಬಂದು ಇಬ್ಬರ ಕಣ್ಣೂ ಉರಿಯುತ್ತಿತ್ತು. ಮನೆಮಾತು ಉರ್ದುವಾದರೂ ಥೀಸಿಸ್ಸಿನ ವಿಷಯ ಬಂದಾಗ ಅಕ್ಕ ತಮ್ಮಂದಿರ ಮಾತು ತಾನಾಗಿ ಕನ್ನಡಕ್ಕೆ ಹೊರಳುತ್ತಿತ್ತು. ಫಾರಮ್ಮುಗಳೆಲ್ಲ ಕನ್ನಡದಲ್ಲೇ ಇದ್ದವು.

“ಹಳ್ಳಿ ಹೆಂಗಸರು ಗಂಡನ ಹೆಸರು ಹೇಳ್ತಾರೇನು ಆಪಾ? ಸೆರಗು ಬಾಯಿಗಿಟ್ಕೊಂಡು ನಗ್ತಾರೆ ಅಷ್ಟೆ. ಪಕ್ಕದಲ್ಲಿದ್ದೋರು ಯಾರಾದ್ರೂ ಹೇಳ್ತಾರೆ.”

“ಬೇವಿನಹಳ್ಳೀಲಿ ಯಾರು ಹೇಳಿದ್ದು?”

“ದೊಡ್ಡರಂಗಯ್ಯನೋರು. ಪಾಪ, ಮೂರು ದಿನ ಅವರ ಕೆಲಸ ಬಿಟ್ಟು ನನ್ನ ಜೊತೆ ಮನೆಮನೆಗೂ ಬಂದಿದ್ರು.”

“ಹೆಸರು ಹೇಳಿದ ಮೇಲೆ ಎದ್ದು ಹೋಗ್ತಿದ್ರಾ?”

ನಯಾಜನ ಪೆನ್ನು ನಿಂತಿತು. ಫಾರಮ್ಮಿನಲ್ಲಿ ಗಂಡನ ಹೆಸರು ಎರಡನೆಯ ಪ್ರಶ್ನೆ. ಕಳೆದ ವರ್ಷದ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಯಾವ ಗುರುತಿಗೆ ಮತ ಹಾಕಿದಿರಿ ಎಂಬುದು ಹದಿನಾಲ್ಕನೆಯದು. ಎರಡರಿಂದ ಹದಿನಾಲ್ಕರವರೆಗೆ ದೊಡ್ಡರಂಗಯ್ಯ ಎಲ್ಲಿದ್ದರು? ಎಲ್ಲಿರುತ್ತಾರೆ, ಜಗಲಿಯ ಮೇಲೆ, ಅಡಿಕೆ ಕತ್ತರಿಸುತ್ತ, ಅಲ್ಲೇ ಇದ್ದರು. ಅವರು ಎದ್ದು ಹೋದದ್ದು ಒಂದು ಮನೆಯಲ್ಲೂ ಅವನಿಗೆ ನೆನಪಾಗಲಿಲ್ಲ.

“ಆ ಮನುಷ್ಯ ಚುನಾವಣೆಗೆ ನಿಂತಿದ್ರು ಅಂದಿದ್ದೆ ಅಲ್ವಾ?”

“ಹೂಂ. ತಕ್ಕಡಿ ಗುರುತು. ಹನ್ನೊಂದು ವೋಟಲ್ಲಿ ಸೋತ್ರು.”

“ಇಲ್ಲಿ ನೋಡಿದ್ರೆ ಮೂವತ್ತೇಳು ಹೆಂಗಸರೂ ತಕ್ಕಡಿಗೇ ಹಾಕಿದೀವಿ ಅಂತಿದಾರೆ. ಅವರ ಗಂಡಂದಿರೂ ತಕ್ಕಡಿಗೇ. ಊರಿಗೆ ಊರೇ ಹಾಕಿದ್ರೆ ಸೋತದ್ದು ಹೇಗೋ?”

ಅದೇ ಕ್ಷೇತ್ರಕ್ಕೆ ಪಕ್ಕದ ಪಾಳ್ಯವೂ ಸೇರುತ್ತದೆ, ಅಲ್ಲಿಯ ವೋಟು ಎದುರಾಳಿಯ ಸೈಕಲ್ ಗುರುತಿಗೆ ಹೋಗಿರಬೇಕು ಎಂದು ನಯಾಜ್ ತನಗೆ ತಾನೇ ಒಂದು ವರ್ಷದಿಂದ ಸಮಾಧಾನ ಹೇಳಿಕೊಂಡಿದ್ದ. ಈಗ ಅದನ್ನೇ ಅಕ್ಕನಿಗೆ ಹೇಳಲು ಬಾಯಿ ಬರಲಿಲ್ಲ. ಆ ಪಾಳ್ಯದಲ್ಲಿ ಇರುವುದು ಹನ್ನೆರಡು ಮನೆ.

ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಐದು ಹಳ್ಳಿ, ಇನ್ನೂರ ಹನ್ನೆರಡು ಹೆಂಗಸರು. ಅವರಲ್ಲಿ ನೂರಕ್ಕೆ ತೊಂಬತ್ತಾರು ಮಂದಿ ಗಂಡ ಹಾಕಿದ ಕಡೆಗೇ ಮತ ಹಾಕುತ್ತಾರೆ ಎಂಬುದು ಅವನ ಥೀಸಿಸ್ಸಿನ ಬೆನ್ನುಮೂಳೆ. ಹುಲಿಯೂರುದುರ್ಗದ ಕಡೆಯ ಹಳ್ಳಿಗಳಲ್ಲಿ ಹೆಸರು ಹೇಳಿದವರು ಮೈದುನರೋ ಮಾವಂದಿರೋ. ಅವರೂ ಎದ್ದು ಹೋಗಿರಲಿಲ್ಲ. ಸೌಜನ್ಯದಿಂದ ಕೊನೆಯವರೆಗೂ ಕೂತಿದ್ದು, ಅವನಿಗೆ ಮಜ್ಜಿಗೆ ಕೊಡಿಸಿ ಕಳಿಸಿದ್ದರು. ಆ ಸೌಜನ್ಯಕ್ಕೆ ಅವನು ಥೀಸಿಸ್ಸಿನ ಮೊದಲ ಪುಟದಲ್ಲಿ ಕೃತಜ್ಞತೆ ಬೇರೆ ಬರೆದಿಟ್ಟಿದ್ದ.

ಮಾರ್ಚ್ ಮೂವತ್ತೊಂದರೊಳಗೆ ಥೀಸಿಸ್ ಸಲ್ಲಿಸಿದರೆ ತುಮಕೂರಿನ ಆ ಖಾಸಗಿ ಕಾಲೇಜಿನಲ್ಲಿ ಅವನ ಕೆಲಸ ಕಾಯಂ ಎಂದು ಕಮಿಟಿಯವರು ಹೇಳಿದ್ದರು. ಆರು ವರ್ಷದಿಂದ ಅವನು ಅಲ್ಲಿ ಹಂಗಾಮಿ ಅಧ್ಯಾಪಕ. ಸಲ್ಲಿಸದಿದ್ದರೆ ಆ ಜಾಗಕ್ಕೆ ಬೇರೊಬ್ಬರು ಕಾದು ಕೂತಿದ್ದರು. ಅವತ್ತು ಫೆಬ್ರವರಿ ಇಪ್ಪತ್ತೆಂಟು.

“ನಾನು ಸುಮ್ನೆ ಕೇಳ್ದೆ ಕಣೋ,” ಎಂದಳು ಅಖ್ತರ್ ಬಾನು, ತಮ್ಮನ ಮುಖ ನೋಡಿ ಗಾಬರಿಯಾಗಿ.

ಮರುದಿನವೇ ನಯಾಜ್ ಬೆಂಗಳೂರಿನ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಅವನ ಮನಸ್ಸು ಎರಡು ಕಡೆಗೂ ವಾದ ಮಾಡುತ್ತಿತ್ತು. ಹೇಳದೇ ಇದ್ದರೆ ಯಾರಿಗೆ ಗೊತ್ತಾಗುತ್ತದೆ? ಯಾರಿಗೂ ಗೊತ್ತಾಗುವುದಿಲ್ಲ. ಹಾಗಾದರೆ ಬಸ್ಸು ಯಾಕೆ ಹತ್ತಿದೆ?

ಅವನ ಗೈಡು ಪ್ರೊಫೆಸರ್ ಶಿವರಾಮಯ್ಯನವರು ನಿವೃತ್ತಿಗೆ ಹತ್ತಿರವಿದ್ದ, ಮಿತಭಾಷಿ ಮನುಷ್ಯ. ಎಲ್ಲವನ್ನೂ ಕಣ್ಣುಮುಚ್ಚಿ ಕೇಳಿದರು. ಕೇಳಿ ಮುಗಿದ ಮೇಲೂ ಕಣ್ಣು ಬಿಡದಿದ್ದುದರಿಂದ ನಿದ್ದೆ ಹೋದರೇನೋ ಎಂದು ನಯಾಜನಿಗೆ ಅನುಮಾನ ಬಂತು.

“ನಿಮ್ಮ ಅಕ್ಕ ಏನು ಓದಿದಾರೆ?”

“ಟಿ.ಸಿ.ಎಚ್. ಸಾರ್. ಉರ್ದು ಪ್ರೈಮರಿ ಸ್ಕೂಲಲ್ಲಿ ಟೀಚರು.”

“ನಾನು ಈ ಚಾಪ್ಟರನ್ನ ಮೂರು ಸಲ ಓದಿದೀನಿ. ನನಗೆ ಹೊಳೀಲಿಲ್ಲ.” ಅವರು ಕಣ್ಣು ಬಿಟ್ಟರು. “ನನ್ನ ಹೆಂಡತಿಯೂ ನನ್ನ ಹೆಸರು ಹೇಳೋಲ್ಲ, ನೋಡಿ. ರೇಷನ್ ಕಾರ್ಡ್ ಮಾಡಿಸುವಾಗ ಮಗಳನ್ನ ಕರೀತಾಳೆ. ಈಗೇನು ಮಾಡ್ತೀರಿ?”

“ನೀವೇ ಹೇಳ್ಬೇಕು ಸಾರ್.”

“ನೀವು ನನಗೆ ಹೇಳದೆ ಇದ್ದಿದ್ರೆ ಒಂದು ಮಾತು. ಹೇಳಿದ ಮೇಲೆ ಟೆಸ್ಟ್ ಮಾಡ್ದೆ ಬಿಡೋ ಹಾಗಿಲ್ಲ. ಒಂದು ಹಳ್ಳಿ ಸಾಕು. ಅದೇ ಹೆಂಗಸರನ್ನ ಮತ್ತೆ ಕೇಳಿ, ಈ ಸಲ ಯಾರೂ ಪಕ್ಕದಲ್ಲಿ ಇರಬಾರದು. ಗುಟ್ಟಾಗಿ ಚೀಟಿ ಹಾಕಿಸಿ. ಆದರೆ ಒಂದು.” ಅವರು ಬೆರಳೆತ್ತಿದರು. “ಬರೀ ಮೊತ್ತ ತಂದ್ರೆ ಆಗಲ್ಲ. ಯಾವ ಹೆಂಗಸು ಅವತ್ತು ಒಂದು ಹೇಳಿ ಇವತ್ತು ಇನ್ನೊಂದು ಹೇಳಿದ್ಲು, ಅದು ಒಬ್ಬೊಬ್ಬರದಾಗಿ ಗೊತ್ತಾಗ್ಬೇಕು. ಹಳೇ ಫಾರಂ ಪಕ್ಕ ಹೊಸ ಚೀಟಿ ಇಟ್ಟು ಎಕ್ಸಾಮಿನರಿಗೆ ತೋರಿಸ್ಬೇಕು. ಇಲ್ದಿದ್ರೆ ನೀವೇ ಮನೇಲಿ ಕೂತು ಗೀಟು ಹಾಕಿದ್ದೀರಿ ಅಂದ್ರೆ ಏನು ಹೇಳ್ತೀರಿ?”

“ಗುಟ್ಟಾಗಿ ಹಾಕಿಸಿ, ಯಾರದು ಅಂತಾನೂ ಗೊತ್ತಾಗ್ಬೇಕು ಅಂದ್ರೆ ಹೇಗೆ ಸಾರ್?”

“ಅದನ್ನ ನೀವು ಯೋಚನೆ ಮಾಡಿ,” ಎಂದು ಶಿವರಾಮಯ್ಯನವರು ಕಾಫಿಗೆ ಎದ್ದರು.

ನಯಾಜ್ ಯೋಚನೆ ಮಾಡಿದ. ಬಸ್ಸಿನಲ್ಲಿ ವಾಪಸು ಬರುವಾಗ ನೆಲಮಂಗಲ ದಾಟುವುದರೊಳಗೆ ಉಪಾಯ ಹೊಳೆದಿತ್ತು. ಹೊಳೆದಾಗ ಸಂತೋಷವೇ ಆಯಿತು ಎನ್ನುವುದನ್ನು ಮುಚ್ಚಿಡಬೇಕಾಗಿಲ್ಲ.

ಅಂಗೈಯಗಲದ ಚೀಟಿಗಳು. ಎಡಕ್ಕೆ ತಕ್ಕಡಿಯ ಚಿತ್ರ, ಬಲಕ್ಕೆ ಸೈಕಲ್ಲಿನ ಚಿತ್ರ, ಸೈಕ್ಲೋಸ್ಟೈಲ್ ಮಾಡಿಸಿದ್ದು. ಬೇಕಾದ ಚಿತ್ರದ ಮೇಲೆ ಪೆನ್ಸಿಲ್ಲಿನಿಂದ ಗೀಟು ಎಳೆದು ಮಡಿಸಿ ಡಬ್ಬಕ್ಕೆ ಹಾಕುವುದು. ದಸ್ತಗೀರ್ ಸಾಬರು ಹಳೆಯ ಬಿಸ್ಕತ್ತಿನ ಡಬ್ಬದ ಮುಚ್ಚಳ ಸೀಳಿ, ಸುತ್ತ ಬೆಸುಗೆ ಹಾಕಿ ಕೊಟ್ಟರು. “ಇದನ್ನ ಒಡೆದೇ ತೆಗೀಬೇಕು ನೋಡು, ಬೇರೆ ದಾರಿ ಇಲ್ಲ,” ಎಂದರು ಹೆಮ್ಮೆಯಿಂದ. ಅಖ್ತರ್ ಬಾನು ಎರಡು ದಿನ ರಜೆ ಹಾಕಿದಳು. ಚೀಟಿಗಳ ಹಿಂಬದಿಯ ಮೂಲೆಯಲ್ಲಿ, ಕಂಡೂ ಕಾಣದ ಹಾಗೆ, ಹಳೆಯ ಫಾರಮ್ಮಿನ ನಂಬರನ್ನು ನಯಾಜ್ ಸಣ್ಣದಾಗಿ ಬರೆದದ್ದು ಮಾತ್ರ ಅವಳಿಗೆ ತಿಳಿಯದು.

ಬೇವಿನಹಳ್ಳಿ ಚೇಳೂರಿನಿಂದ ಎರಡು ಮೈಲಿ, ತೆಂಗಿನ ತೋಟಗಳ ನಡುವೆ. ಅಕ್ಕ ತಮ್ಮ ಬಸ್ಸಿಳಿದು ನಡೆದು ಬಂದಾಗ ದೊಡ್ಡರಂಗಯ್ಯ ಹಾಲಿನ ಸೊಸೈಟಿಯ ಮುಂದೆ ನಿಂತಿದ್ದರು. ಸೊಸೈಟಿಗೆ ಅವರೇ ಅಧ್ಯಕ್ಷರು. ಚುನಾವಣೆ ಸೋತ ಮೇಲೆ ಆ ಹುದ್ದೆಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

“ಬನ್ನಿ ಬನ್ನಿ ಮೇಷ್ಟ್ರೆ! ಇನ್ನೂ ಮುಗೀಲಿಲ್ವಾ ನಿಮ್ ಓದು? ಇವ್ರು ಯಾರು, ಮನೆಯವ್ರಾ?”

“ಅಕ್ಕ. ಈ ಸಲ ಹೆಂಗಸರ ಹತ್ರ ಇವ್ರೇ ಮಾತಾಡ್ತಾರೆ.”

“ಆಗ್ಲಿ ಬುಡಿ, ನಾನೂ ಬತ್ತೀನಿ. ನಮ್ ಹೆಣ್ಮಕ್ಳು ಹೊಸಬ್ರ ಮುಂದೆ ಬಾಯಿ ಬುಡಾಕಿಲ್ಲ.”

“ಬೇಡಿ ಯಜಮಾನ್ರೆ, ನಿಮ್ಮ ಹತ್ರ ನನಗೆ ಬೇರೆ ಕೆಲಸ ಇದೆ. ಸೊಸೈಟಿ ಬಗ್ಗೆ ಒಂದಿಷ್ಟು ಬರ್ಕೋಬೇಕು,” ಎಂದ ನಯಾಜ್. ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು.

ಹೀಗೆ ಎರಡು ದಿನ ನಡೆಯಿತು. ಬೀದಿಯ ಹೊಂಗೆಮರದ ಕೆಳಗೆ ದೊಡ್ಡರಂಗಯ್ಯ ಮಾತಾಡುತ್ತಲೇ ಇದ್ದರು: ಸೊಸೈಟಿ ಹುಟ್ಟಿದ ಕಥೆ, ಹಾಲಿಗೆ ನೀರು ಬೆರೆಸಿದವರನ್ನು ಹಿಡಿದ ಕಥೆ, ಕ್ಯಾನು ಕದ್ದವನ ಕಥೆ. ನಯಾಜ್ ಎಲ್ಲವನ್ನೂ ಬರೆದುಕೊಂಡ. ಅಖ್ತರ್ ಬಾನು ಒಂದೊಂದು ಮನೆಯಿಂದ ಬಂದು “ಮುಂದಿನದು” ಎಂದಾಗ ಪಟ್ಟಿ ನೋಡಿ, ಚೀಲದಿಂದ ಸರಿಯಾದ ಚೀಟಿ ತೆಗೆದು ಕೊಡುತ್ತಿದ್ದ. ದುಡಿಯಲು ಹೋದ ಗಂಡಸರು ಬರುವುದರೊಳಗೆ ಮುಗಿಯಬೇಕು ಎಂಬ ಆತಂಕ ಒಂದು; ಈ ಮನುಷ್ಯ ಎಲ್ಲಿ ಎದ್ದು ಒಳಗೆ ಹೋಗುತ್ತಾನೋ ಎಂಬುದು ಇನ್ನೊಂದು; ಎಲ್ಲಿ ಚೀಟಿ ಅದಲುಬದಲಾಗುತ್ತದೋ ಎಂಬುದು ಎಲ್ಲಕ್ಕಿಂತ ದೊಡ್ಡದು. ಅವನ ಕೈಯಲ್ಲಿ ಹಿಡಿದ ಚೀಟಿ ಬೆವರಿಗೆ ಮೆತ್ತಗಾಗುತ್ತಿತ್ತು.

ಒಳಗೆ ಅಖ್ತರ್ ಬಾನು ಅಡುಗೆಮನೆಯ ಹೊಸಿಲಲ್ಲಿ ಕೂತು, ಹೆಂಗಸರ ಜೊತೆ ಸೊಪ್ಪು ಬಿಡಿಸುತ್ತ, ಒಂದೇ ಮಾತನ್ನು ಮೂವತ್ತಾರು ಸಲ ಹೇಳಿದಳು. “ನೋಡಮ್ಮ, ನೀನು ಗೀಟು ಹಾಕುವಾಗ ನಾನು ಆ ಕಡೆ ತಿರುಗ್ತೀನಿ. ಮಡಿಸಿ ಇದರೊಳಗೆ ಹಾಕಿಬಿಡು. ಯಾರದು ಯಾವುದು ಅಂತ ನನಗೂ ಗೊತ್ತಾಗಲ್ಲ, ನನ್ನ ತಮ್ಮನಿಗೂ ಗೊತ್ತಾಗಲ್ಲ. ದೇವರಾಣೆ.” ಕೆಲವರು ನಕ್ಕರು. ತಿಪ್ಪಮ್ಮ ಎಂಬಾಕೆ ಚೀಟಿ ಹಿಡಿದು ಬಹಳ ಹೊತ್ತು ಕೂತಿದ್ದು, ಆಮೇಲೆ ಬಾಗಿಲು ಮುಂದಕ್ಕೆ ಮಾಡಿ ಬಂದು ಗೀಟೆಳೆದಳು.

ಕೊನೆಯದು ದೊಡ್ಡರಂಗಯ್ಯನವರ ತಮ್ಮನ ಹೆಂಡತಿ ಹನುಮಕ್ಕನ ಮನೆ. ಆಕೆ ಸೊಸೈಟಿಗೆ ದಿನಕ್ಕೆರಡು ಸಲ ಹಾಲು ಹಾಕುವವಳು. ಚೀಟಿಯನ್ನು ಈ ಕಡೆ ಆ ಕಡೆ ತಿರುಗಿಸಿ, ಬೆಳಕಿಗೆ ಹಿಡಿದಳು.

“ಅಕ್ಕಾ, ಇಲ್ಲಿ ಮೂಲೇಲಿ ಮೂವತ್ತೇಳು ಅಂತದೆ.”

“ಎಲ್ಲಿ?”

“ಇಗೋ. ನಂಗೆ ಅಕ್ಸರ ಬರಾಕಿಲ್ಲ, ನಂಬರ್ ಬತ್ತದೆ. ಡೈರಿ ಬುಕ್ಕಲ್ಲಿ ನಂದು ಇಪ್ಪತ್ತೊಂದು. ಅಲ್ಲಿ ಯಾರೂ ಹನುಮಕ್ಕ ಅನ್ನಾಕಿಲ್ಲ, ಇಪ್ಪತ್ತೊಂದು ಬಂದ್ಲು ಅಂತಾರೆ. ನಂಬರ್ ಐತೆ ಅಂದ್ಮೇಲೆ ಹೆಸ್ರು ಇದ್ದಂಗೆ ಅಲ್ವಾ?”

ಅಖ್ತರ್ ಬಾನು ಚೀಟಿ ತೆಗೆದುಕೊಂಡು ನೋಡಿದಳು. ಅವಳ ಕಣ್ಣಿಗೆ ಅಷ್ಟು ಸಣ್ಣದು ಕಾಣಲು ಸ್ವಲ್ಪ ಹೊತ್ತು ಬೇಕಾಯಿತು. ಗೀಟು ಬೀಳದ ಆ ಚೀಟಿಯನ್ನು ಹಾಗೇ ಹಿಡಿದುಕೊಂಡು, ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದಳು. ಚೇಳೂರಿಗೆ ನಡೆಯುವಾಗಲೂ, ಬಸ್ಸಿನಲ್ಲೂ, ಗುಬ್ಬಿಯಲ್ಲಿ ಇಳಿದು ತುಮಕೂರಿನ ಬಸ್ಸು ಕಾಯುವಾಗಲೂ ಡಬ್ಬವನ್ನು ತಮ್ಮನ ಕೈಗೆ ಕೊಡಲಿಲ್ಲ.

ಮನೆಗೆ ಬಂದ ಮೇಲೆ ಚಪ್ಪಲಿ ಬಿಡುತ್ತ ಅಂದಳು: “ಮೂವತ್ತಾರು ಸಲ ನನ್ನ ಬಾಯಲ್ಲಿ ಸುಳ್ಳು ಹೇಳಿಸಿದೆ. ದೇವರ ಮೇಲೆ ಆಣೆ ಬೇರೆ.”

“ನಂಬರು ನನಗೆ ಮಾತ್ರ ಆಪಾ. ಬೇರೆ ಯಾರೂ ನೋಡಲ್ಲ. ಹೋಲಿಸಿ ನೋಡ್ದೆ ಇದ್ರೆ ಟೆಸ್ಟೇ ಆಗಲ್ಲ, ಅರ್ಥ ಮಾಡ್ಕೋ.”

“ನನಗೆ ಅರ್ಥ ಆಗುತ್ತೆ. ಆ ಹೆಣ್ಣುಮಗಳಿಗೂ ಅರ್ಥ ಆಯ್ತು. ನಿನಗೆ ಒಬ್ಬನಿಗೇ ಆಗಿಲ್ಲ.”

ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ ಎನ್ನುತ್ತಾರೆ. ಚೀಟಿ ಮನೆಗೆ ಬಂದ ಮೇಲೆ ನಯಾಜ್ ಅದನ್ನು ನೋಡದೇ ಇರುವುದು ಸಾಧ್ಯವಿರಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕ ಸ್ಕೂಲಿಗೆ ಹೋದ ಮೇಲೆ ಡಬ್ಬದ ಬೆಸುಗೆ ಬಿಡಿಸಿದ. ಚೀಟಿಗಳನ್ನು ನಂಬರಿನ ಪ್ರಕಾರ ಜೋಡಿಸಿ, ಒಂದು ನೋಟುಬುಕ್ಕಿನಲ್ಲಿ ಮೂರು ಅಂಕಣ ಮಾಡಿ ಬರೆದ: ನಂಬರು, ಅವತ್ತು, ಇವತ್ತು. ಅವತ್ತಿನ ಅಂಕಣದ ತುಂಬ ತಕ್ಕಡಿ. ಇವತ್ತಿನದರಲ್ಲಿ ಹದಿನೇಳು ತಕ್ಕಡಿ, ಹತ್ತೊಂಬತ್ತು ಸೈಕಲ್ಲು.

ಮೂರು ವರ್ಷ ಕಷ್ಟಪಟ್ಟು ಕಟ್ಟಿದ್ದು ಕಣ್ಣೆದುರಿಗೇ ಕುಸಿದು ಬಿದ್ದಿತ್ತು. ಆದರೂ ಅವನಿಗೆ ಕುಣಿಯಬೇಕು ಅನ್ನಿಸಿತು. ಅರ್ಧಕ್ಕಿಂತ ಹೆಚ್ಚು ಹೆಂಗಸರು ಗಂಡನ ಮಾತು ಕೇಳಿಲ್ಲ, ಕೇಳಿದೆವೆಂದು ಅಷ್ಟೇ ಹೇಳಿದ್ದಾರೆ! ಒಂಬತ್ತನೆಯ ನಂಬರು, ತಿಪ್ಪಮ್ಮ, ಸೈಕಲ್ಲು. ಆಕೆಯ ಗಂಡ ದೊಡ್ಡರಂಗಯ್ಯನವರ ತೋಟದಲ್ಲೇ ಇರುವವನು, ಚುನಾವಣೆಯಲ್ಲಿ ತಕ್ಕಡಿಯ ಬಾವುಟ ಹಿಡಿದು ತಿರುಗಿದವನು. ಇದಕ್ಕಿಂತ ದೊಡ್ಡ ಪುರಾವೆ ಯಾವುದಿದೆ? ಹೊಸ ಅಧ್ಯಾಯ ಬರೆಯಲು ಇನ್ನೂ ಇಪ್ಪತ್ತು ದಿನವಿತ್ತು. ಅವನು ಅವತ್ತೇ ಬರೆಯಲು ಕೂತ.

ನಾಲ್ಕನೆಯ ದಿನ ದೊಡ್ಡರಂಗಯ್ಯ ಕಾಲೇಜಿಗೆ ಬಂದರು.

ಹಾಲಿನ ಯೂನಿಯನ್ನಿನ ಮೀಟಿಂಗಿಗೆಂದು ತುಮಕೂರಿಗೆ ಬಂದವರು ಹಾಗೇ ಮಾತಾಡಿಸಿಕೊಂಡು ಹೋಗೋಣ ಅಂತ ಬಂದೆ ಎಂದರು. ಹತ್ತು ಎಳನೀರಿನ ಗೊನೆಯೊಂದನ್ನು ಸ್ಟಾಫ್ ರೂಮಿನ ಬಾಗಿಲಲ್ಲಿ ಇಳಿಸಿ, ಕುರ್ಚಿಯೆಳೆದು ಕೂತರು. ಒಳಗೆ ಬೇರೆ ಯಾರೂ ಇರಲಿಲ್ಲ.

“ಊರಲ್ಲೆಲ್ಲಾ ಅದೇ ಮಾತು ಮೇಷ್ಟ್ರೆ. ಚೀಟಿ ಮ್ಯಾಲೆ ನಂಬರಿತ್ತಂತೆ. ನಮ್ ಹನುಮಿ ಡೈರಿ ಹತ್ರ ಯಾರಿಗೋ ಅಂದ್ಲಂತೆ, ಈಗ ಹೆಂಗಸ್ರೆಲ್ಲಾ ಮುಖ ಸಣ್ಣಗ್ ಮಾಡ್ಕಂಡವ್ರೆ. ತಪ್ಪು ಮಾಡ್ದಿದ್ರೆ ಯಾಕೆ ಹೆದ್ರಬೇಕು, ಅಲ್ವಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡ್ರು ಅನ್ನಂಗೆ.”

ನಯಾಜ್ ಮೇಜಿನ ಮೇಲಿನ ಹಾಜರಿ ಪುಸ್ತಕವನ್ನು ಮುಚ್ಚಿಟ್ಟ.

“ಹನ್ನೊಂದು ವೋಟು ಮೇಷ್ಟ್ರೆ. ಒಂದು ವರ್ಸದಿಂದ ನಂಗೆ ನಿದ್ದೆ ಇಲ್ಲ. ನನ್ ಮನೆ ಉಂಡೋರೇ ನಂಗೆ ಹಾಕಿಲ್ಲ, ಯಾರು ಅಂತ ಗೊತ್ತಿಲ್ಲ. ಒಂದ್ಸಲ ತೋರ್ಸಿಬುಡಿ. ನಾನೇನ್ ಯಾರ್ನೂ ಕಡ್ದು ಹಾಕಾಕಿಲ್ಲ. ಮನೆ ಮಾತು, ಅವರವ್ರ ಗಂಡಂದ್ರಿಗೆ ಹೇಳ್ತೀನಿ, ಅವ್ರು ಬುದ್ಧಿ ಹೇಳ್ಕತಾರೆ.”

“ಚೀಟಿಗಳು ಇಲ್ಲಿಲ್ಲ ಯಜಮಾನ್ರೆ. ಬೆಂಗಳೂರಲ್ಲಿ ಪ್ರೊಫೆಸರ್ ಹತ್ರ ಇವೆ,” ಎಂದು ನಯಾಜ್ ಇನ್ನೊಂದು ಸುಳ್ಳು ಹೇಳಿದ.

“ಸರಿ ಬುಡಿ. ತರ್ಸಿ.” ದೊಡ್ಡರಂಗಯ್ಯ ಎದ್ದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನಯಾಜನನ್ನು ಹೆಚ್ಚು ಹೆದರಿಸಿತು. “ನಿಮ್ ಕಾಲೇಜ್ ಕಮಿಟಿ ಸೆಕ್ರೆಟ್ರಿ ನಮ್ ಬೀಗ್ರು, ಗೊತ್ತಲ್ವಾ? ನಿಮ್ ವಿಚಾರ ಅವ್ರ ಹತ್ರ ಒಂದ್ ಮಾತು ಹೇಳಿವ್ನಿ. ಒಳ್ಳೇದೇ ಹೇಳಿವ್ನಿ. ಬರೋ ಸೋಮವಾರ ಮತ್ತೆ ಬತ್ತೀನಿ.”

ಅವರು ಹೋದ ಮೇಲೆ ನಯಾಜ್ ಎರಡು ಕ್ಲಾಸು ತೆಗೆದುಕೊಂಡ. ಏನು ಪಾಠ ಮಾಡಿದನೋ ಅವನಿಗೇ ಗೊತ್ತಿಲ್ಲ. ‘ಬುದ್ಧಿ ಹೇಳ್ಕತಾರೆ’ ಎಂಬ ಮಾತೇ ಕಿವಿಯಲ್ಲಿತ್ತು. ಬೇವಿನಹಳ್ಳಿಯಲ್ಲಿ ಗಂಡ ಹೆಂಡತಿಗೆ ಬುದ್ಧಿ ಹೇಳುವುದು ಹೇಗೆಂದು ಅವನಿಗೆ ಗೊತ್ತಿತ್ತು. ಮೊದಲ ಸಲ ಫಾರಂ ತುಂಬಿಸುತ್ತ ತಿರುಗಿದಾಗ ಒಂದು ಮನೆಯಲ್ಲಿ ಹುಬ್ಬು ಒಡೆದುಕೊಂಡಿದ್ದ ಹೆಂಗಸು ಬಾಗಿಲು ತಗುಲಿತು ಎಂದಿದ್ದಳು. ಅದನ್ನು ಬರೆಯಲು ಫಾರಮ್ಮಿನಲ್ಲಿ ಜಾಗವಿರಲಿಲ್ಲ.

ಸಂಜೆ ಪೋಸ್ಟಾಫೀಸಿನಿಂದ ಶಿವರಾಮಯ್ಯನವರಿಗೆ ಟ್ರಂಕ್ ಕಾಲ್ ಮಾಡಿದ. ಚೀಟಿಗಳನ್ನು ಸಲ್ಲಿಸದೆ ಬರೀ ಮೊತ್ತ ಕೊಟ್ಟರೆ ಆಗುವುದಿಲ್ಲವೇ ಎಂದು ಕೇಳಿದ. ನಡೆದದ್ದನ್ನೂ ಹೇಳಿದ.

“ನಾನು ನಿಮ್ಮನ್ನ ನಂಬ್ತೀನಿ ನಯಾಜ್,” ಎಂದರು ಅವರು. “ಎಕ್ಸಾಮಿನರು ನಂಬಬಾರದು. ನಂಬದೇ ಇರೋದೇ ಅವರ ಕೆಲಸ. ಚೀಟಿ ಇಲ್ಲ ಅಂದ್ರೆ ಟೆಸ್ಟೂ ಇಲ್ಲ. ಹಳೇ ಚಾಪ್ಟರು ನಾನು ಕಳಿಸೋಲ್ಲ, ಹೊಸಾದು ನಿಲ್ಲೋಲ್ಲ. ಎಲ್ಲ ಹಳ್ಳೀಲೂ ಮತ್ತೆ ಮೊದಲಿಂದ ಮಾಡ್ಬೇಕಾಗುತ್ತೆ.”

“ಒಂದು ವರ್ಷ ಬೇಕು ಸಾರ್.”

“ಎರಡು,” ಎಂದರು ಶಿವರಾಮಯ್ಯ. ಮೂರು ನಿಮಿಷ ಮುಗಿದು ಲೈನು ಕಡಿದುಹೋಯಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೂವತ್ತಾರು ಚೀಟಿಗಳನ್ನೂ ಗೀಟು ಬೀಳದ ಆ ಒಂದನ್ನೂ ಅವತ್ತೇ ಅವನು ಬಚ್ಚಲ ಒಲೆಗೆ ಹಾಕಿದ. ಅಖ್ತರ್ ಬಾನು ಪಕ್ಕದಲ್ಲಿ ನಿಂತು ನೋಡಿದಳು. ಅವನು ಅಳುತ್ತಿದ್ದ. ಹೊಗೆಯಿಂದ ಎಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. “ಹಳ್ಳಿಗೆ ಹೋಗಿ ಹೇಳಿ ಬರಬೇಕು ಕಣೋ,” ಎಂದಳು. “ಅವರು ಹೆದರ್ಕೊಂಡಿದಾರೆ. ಆಣೆ ಇಟ್ಟವಳು ನಾನು.”

ಭಾನುವಾರ ಅಕ್ಕ ತಮ್ಮ ಮತ್ತೆ ಬೇವಿನಹಳ್ಳಿಗೆ ಹೋದರು. ದೊಡ್ಡರಂಗಯ್ಯ ಗುಬ್ಬಿಗೆ ಹೋಗಿದ್ದರು. ಅಕ್ಕ ತಮ್ಮನನ್ನು ಕಂಡ ಕೂಡಲೇ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಸರಿದರು. ಹನುಮಕ್ಕ ಮಾತ್ರ ಹಿತ್ತಲಲ್ಲಿ, ಹಸುವಿನ ಬೂಸಾ ಬೇಯಿಸುವ ಒಲೆಯ ಮುಂದೆ, ಎದ್ದು ನಿಂತಳು.

“ಎಲ್ಲಾ ಸುಟ್ಟುಬಿಟ್ವಮ್ಮ,” ಎಂದಳು ಅಖ್ತರ್ ಬಾನು. “ನನ್ನ ಕಣ್ಣಾರೆ ನೋಡಿದೀನಿ. ಒಂದು ಚೀಟಿನೂ ಇಲ್ಲ. ಎಲ್ಲರಿಗೂ ಹೇಳಿಬಿಡಿ, ಹೆದರ್ಬೇಡಿ ಅಂತ.”

ಹನುಮಕ್ಕ ಅಖ್ತರ್ ಬಾನುವಿನ ಮುಖ ನೋಡಲಿಲ್ಲ. ನಯಾಜನನ್ನು ನೋಡಿದಳು.

“ಸುಡಕ್ ಮುಂಚೆ ಬರ್ಕಂಡಿದ್ರಾ ಮೇಷ್ಟ್ರೆ?”

ಅಖ್ತರ್ ಬಾನು ನಿಧಾನವಾಗಿ ತಮ್ಮನ ಕಡೆಗೆ ತಿರುಗಿದಳು. ನೋಟುಬುಕ್ಕು ಅವನ ಹೆಗಲ ಚೀಲದಲ್ಲೇ ಇತ್ತು. ಯಾಕೆ ತಂದಿದ್ದೇನೆ ಎಂದು ಅವನು ತನ್ನನ್ನೇ ಕೇಳಿಕೊಂಡಿರಲಿಲ್ಲ. ಮನೆಯಲ್ಲಿ ಬಿಟ್ಟು ಬರಲು ಭಯ, ಸುಡಲು ಹೊಟ್ಟೆಯುರಿ. ಶಿವರಾಮಯ್ಯನವರು ಮನಸ್ಸು ಬದಲಾಯಿಸಿದರೆ, ಯಾವನೋ ಒಬ್ಬ ಎಕ್ಸಾಮಿನರು ಒಪ್ಪಿದರೆ ಎಂಬ ಆಸೆ ಇನ್ನೂ ಒಂದು ಎಳೆಯಷ್ಟು ಉಳಿದಿತ್ತು. ಅವನು ಅದನ್ನು ಹೊರಗೆ ತೆಗೆದ.

“ಇದರಲ್ಲಿದೆ. ನೀವೇ ಇಟ್ಕೊಳ್ಳಿ. ಏನು ಬೇಕಾದ್ರೂ ಮಾಡಿ.”

ಹನುಮಕ್ಕ ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. “ನಂಗ್ ಕೊಡಬ್ಯಾಡಿ. ನಂಗೆ ನಂಬರ್ ಬತ್ತದೆ. ನೋಡುದ್ರೆ ನಾನೂ ತಿಳ್ಕಂಡಂಗಾಯ್ತದೆ. ಒಲೆ ಐತಲ್ಲ, ನೀವೇ ಹಾಕಿ.” ಅಂದವಳು ಗೋಡೆಯ ಕಡೆಗೆ ಮುಖ ತಿರುಗಿಸಿ ನಿಂತಳು. ಅಖ್ತರ್ ಬಾನುವೂ ತಿರುಗಿದಳು.

ನಯಾಜ್ ಕುಕ್ಕರುಗಾಲಿನಲ್ಲಿ ಕೂತು ಹಾಳೆಗಳನ್ನು ಒಂದೊಂದಾಗಿ ಹರಿದು ಒಲೆಗಿಟ್ಟ. ಇಂಕಿನ ಅಕ್ಷರಗಳು ಕಪ್ಪಾದ ಹಾಳೆಯ ಮೇಲೂ ಒಂದು ಗಳಿಗೆ ಹೊಳೆದು ಕಾಣುತ್ತಿದ್ದವು. ಕಡ್ಡಿಯಿಂದ ಕೆದಕಿ ಪುಡಿ ಮಾಡಿದ. ಆರು ವರ್ಷದ ಕೆಲಸ ಹೋಯಿತು, ನಾಳೆ ಸೋಮವಾರ ಅವರು ಬರುತ್ತಾರೆ, ಏನಾದರಾಗಲಿ ಎಂದುಕೊಂಡ. ಎದೆಯ ಮೇಲಿನದು ಸ್ವಲ್ಪ ಇಳಿದ ಹಾಗಾಯಿತು.

“ಆಯ್ತು,” ಎಂದ, ಎದ್ದು.

ಹನುಮಕ್ಕ ತಿರುಗಿ ಬೂದಿಯನ್ನು ನೋಡಿದಳು. ಅವಳ ಮುಖದಲ್ಲಿ ಗೆಲುವೇನೂ ಬರಲಿಲ್ಲ.

“ಓದಿದೋರು ನೀವು. ಬರ್ದಿದ್ದು ಮರ್ತು ಹೋಯ್ತದಾ ಮೇಷ್ಟ್ರೆ?”

ಹನುಮಕ್ಕ ಉತ್ತರಕ್ಕೆ ಕಾಯಲಿಲ್ಲ. ಬೂಸಾದ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಇಳಿಸಿ, ಹಸುವಿನ ಕಡೆಗೆ ಹೋದಳು.

ಅಕ್ಕ ಮುಂದೆ, ತಮ್ಮ ಹಿಂದೆ, ಇಬ್ಬರೂ ಓಣಿಯಲ್ಲಿ ನಡೆದು ಬಂದರು. ತಿರುವಿನಲ್ಲಿ ತಿಪ್ಪಮ್ಮ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಎದುರಾದಳು. ಓಣಿ ಇಕ್ಕಟ್ಟಾಗಿತ್ತು. ಅವಳು ನಿಂತು, ನಯಾಜನ ಮುಖವನ್ನೇ ನೋಡಿದಳು. ಅವನು ಮುಖದಲ್ಲಿ ಏನೂ ಇಲ್ಲದ ಹಾಗೆ ಇರಲು ಪ್ರಯತ್ನಿಸಿದ. ಒಂಬತ್ತು, ಸೈಕಲ್ಲು ಎಂದಿತು ತಲೆ. ಅವನು ತಲೆ ತಗ್ಗಿಸಿದ. ಅವಳು ಹೊರೆಯನ್ನು ಇನ್ನೂ ಮುಂದಕ್ಕೆಳೆದುಕೊಂಡು, ಮುಖ ಹುಲ್ಲಿನಲ್ಲಿ ಮರೆಯಾಗುವಂತೆ ಗೋಡೆಗೆ ಒತ್ತಿ ನಿಂತಳು. ಅವನಿಗೆ ಕಂಡದ್ದು ಧೂಳು ಮೆತ್ತಿದ ಎರಡು ಪಾದ, ಬೆರಳಿನ ಕಾಲುಂಗುರ. ಅವನು ದಾಟಿ ಹೋಗುವವರೆಗೂ ಆ ಪಾದಗಳು ಅಲುಗಲಿಲ್ಲ.